ಪೆರಿಯ ಮಾತುಕತೆಯಲ್ಲಿ ಮಾಂಜಿರೋ ದುಭಾಷಿಯಾಗಿರಲಿಲ್ಲ

'ಕಡಲಲ್ಲಿ ಕಳೆದುಹೋಗಿ ಅಮೆರಿಕಕ್ಕೆ ಹೋಗಿದ್ದ ಜಪಾನಿನ ಮೀನುಗಾರ ಹುಡುಗ ಮಾಂಜಿರೋ, ವಾಪಸ್ ಬಂದು ಅಮೆರಿಕ ನೌಕಾಪಡೆಯ ಕಮಡೋರ್ ಪೆರಿ ಜೊತೆಗಿನ ಮಾತುಕತೆಗೆ ದುಭಾಷಿಯಾದ' ಎಂಬ ಬರಹ ಈಗ ಎಲ್ಲ ಕಡೆ ಹರಿದಾಡುತ್ತಿದೆ. ಮೊದಲರ್ಧ ನಿಜ, ಕೊನೆಯದು ತಪ್ಪು.

1841ರಲ್ಲಿ, ತೋಸಾ ಪ್ರಾಂತ್ಯದ 14 ವರ್ಷದ ಮಾಂಜಿರೋ ಇದ್ದ ದೋಣಿ ಬಿರುಗಾಳಿಗೆ ಸಿಕ್ಕಿತು. ದೋಣಿಯಲ್ಲಿದ್ದವರು ಐದು ಜನ. ಜನವಸತಿಯೇ ಇಲ್ಲದ ತೋರಿಶಿಮಾ ದ್ವೀಪದಲ್ಲಿ ತಿಂಗಳುಗಟ್ಟಲೆ ಹಕ್ಕಿ ಹಿಡಿದು ತಿಂದು ಬದುಕಿದರು. ಅಮೆರಿಕದ ತಿಮಿಂಗಿಲ ಬೇಟೆಯ ಹಡಗಿನ ಕ್ಯಾಪ್ಟನ್ ವಿಟ್‌ಫೀಲ್ಡ್ ಅವರನ್ನು ಕಾಪಾಡಿ, ಮಾಂಜಿರೋನನ್ನು ಮ್ಯಾಸಚೂಸೆಟ್ಸ್‌ನ ಫೇರ್‌ಹೇವನ್‌ಗೆ ಕರೆದೊಯ್ದು ಓದಿಸಿದರು.

ಕ್ಯಾಲಿಫೋರ್ನಿಯಾದಲ್ಲಿ ಚಿನ್ನ ಅಗೆದು ದುಡಿದ ಹಣದಲ್ಲೇ ಊರಿಗೆ ಹೊರಟ. 1851ರಲ್ಲಿ ರ್ಯುಕ್ಯು ದ್ವೀಪಗಳಿಗೆ (ಇಂದಿನ ಒಕಿನಾವಾ) ಬಂದಿಳಿದ. ಆಗ ಹೊರದೇಶಕ್ಕೆ ಹೋಗಿ ಬರುವುದೇ ಅಪರಾಧ. ವಿಚಾರಣೆ ಮೇಲೆ ವಿಚಾರಣೆ ನಡೆಯಿತು. ನಾಗಸಾಕಿಯಲ್ಲಂತೂ ತಾನು ಕ್ರೈಸ್ತನಲ್ಲ ಎಂದು ತೋರಿಸಲು ಕ್ರೈಸ್ತರ ಪವಿತ್ರ ಚಿತ್ರವನ್ನು ಕಾಲಲ್ಲಿ ತುಳಿಯಬೇಕಾಯಿತು. ಅಮ್ಮನ ಮುಖ ನೋಡಿದ್ದು 1852ರಲ್ಲಿ.

1853ರಲ್ಲಿ, ಜಪಾನ್ ಹೊರಜಗತ್ತಿಗೆ ಬಾಗಿಲು ತೆರೆಯಬೇಕೆಂದು ಒತ್ತಾಯಿಸಲು ಪೆರಿ ಬಂದಾಗ ಸರ್ಕಾರ ಮಾಂಜಿರೋನನ್ನು ಎದೋಗೆ (ಇಂದಿನ ಟೋಕಿಯೊ) ಕರೆಸಿಕೊಂಡಿತು, ಸಮುರಾಯ್ ಪದವಿಯನ್ನೂ ಕೊಟ್ಟಿತು. ಆದರೆ ಅಮೆರಿಕದ ಪರ ವಾಲಬಹುದು ಎಂಬ ಅನುಮಾನದಿಂದ 1854ರ ಮಾತುಕತೆಯಿಂದ ದೂರವೇ ಇಟ್ಟಿತು. ಅಲ್ಲಿ ಜಾಸ್ತಿ ಕೆಲಸ ನಡೆದದ್ದು ಡಚ್ ಭಾಷೆಯಲ್ಲಿ. ಜಪಾನ್ ಕಡೆಯ ಮುಖ್ಯ ದುಭಾಷಿ ಮೊರಿಯಾಮಾ ಎಯಿನೊಸುಕೆ. ಆತನ ಹೆಸರು ಅಳಿಸಿ ಸುಮ್ನೆ ಮಾಂಜಿರೋ ಹೆಸರು ಬರೆಯುವುದು ಇಬ್ಬರಿಗೂ ಅನ್ಯಾಯ ಅಲ್ವಾ? ಮಾಂಜಿರೋ ದುಭಾಷಿಯಾಗಿ ಅಮೆರಿಕಕ್ಕೆ ಹೋದದ್ದು 1860ರಲ್ಲಿ, ಕಾನ್‌ರಿನ್ ಮಾರು ಹಡಗಿನಲ್ಲಿ.