64 ಜಿಬಿ ಪೆನ್ ಡ್ರೈವ್ 59.6 ತೋರಿಸಿದರೆ ನಕಲಿ ಅಲ್ಲ

ಕಾಸರಗೋಡು, ಮಂಜೇಶ್ವರ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ: '64 ಜಿಬಿ ಪೆನ್ ಡ್ರೈವ್ ಕಂಪ್ಯೂಟರಿನಲ್ಲಿ 59.6 ತೋರಿಸಿದರೆ ಅದು ನಕಲಿ, ಅಂಗಡಿಗೆ ವಾಪಸ್ ಕೊಡಿ.' ಇದು ತಪ್ಪು.

ಎರಡು ಕಡೆ ಲೆಕ್ಕವೇ ಬೇರೆ. ತಯಾರಕರಿಗೆ ಒಂದು ಜಿಬಿ ಎಂದರೆ 100 ಕೋಟಿ ಬೈಟ್. ವಿಂಡೋಸ್‌ಗೆ 1024 × 1024 × 1024, ಅಂದರೆ 107 ಕೋಟಿ 37 ಲಕ್ಷ ಚಿಲ್ಲರೆ. 6,400 ಕೋಟಿಯನ್ನು ಅದರಿಂದ ಭಾಗಿಸಿ ನೋಡಿ, 59.6 ಬರುತ್ತದೆ. ಈ ಗೊಂದಲ ಬೇಡವೆಂದೇ 1998ರಲ್ಲಿ ಎರಡನೆಯ ಅಳತೆಗೆ ಗಿಬಿಬೈಟ್ ಎಂಬ ಬೇರೆ ಹೆಸರು ಬಂತು. ವಿಂಡೋಸ್ ಮಾತ್ರ ಇನ್ನೂ ಜಿಬಿ ಅಂತಲೇ ಬರೆಯುತ್ತದೆ.

ನಕಲಿ ಡ್ರೈವ್‌ಗಳು ಇಲ್ಲವೆಂದಲ್ಲ. ಅವು ಸಾಮಾನ್ಯವಾಗಿ ಇರುವುದಕ್ಕಿಂತ ಜಾಸ್ತಿ ಜಾಗ ತೋರಿಸುತ್ತವೆ, ತುಂಬಿಸಿದಾಗ ಫೈಲ್ ಹಾಳಾಗುತ್ತದೆ.

ಅಂಗಡಿಯವರ ಮೇಲೆ ಸುಮ್ನೆ ಅನುಮಾನ ಬೇಡ. ಆ ಸಂದೇಶವನ್ನು ದಯವಿಟ್ಟು ಮುಂದೆ ಕಳಿಸಬೇಡಿ.