ನಮ್ ಬಸ್ಸಲ್ಲಿ ಕರೆಂಟ್ ಇಲ್ಲ ಆಂಟಿ

"ಮಿಕ್ಸಿ ಆಂಟಿ" ಅಂದ ಆ ಕಂಡಕ್ಟರ್. ಇಡೀ ಬಸ್ಸಿಗೆ ಕೇಳುವ ಹಾಗೆ ಅಂದ. ಮನೆಗೆ ಬಂದು ಕೈಕಾಲು ತೊಳೆದು ಕೂತರೂ ಕಿವಿಯಲ್ಲಿ ಅದೇ ಗುಂಯ್‌ಗುಡುತ್ತಿದೆ. ಸಿಟ್ಟು ಇಳಿಯುವ ಮೊದಲೇ ಬರೆದುಬಿಡುತ್ತೇನೆ. ಇಳಿದ ಮೇಲೆ ನಾನೇ "ಹೋಗ್ಲಿ ಬಿಡು" ಅಂದುಬಿಡುವವಳು.

ಮಿಕ್ಸಿ ಯಾಕೆ ಕೆಟ್ಟಿತು, ಅದರಲ್ಲಿ ಬೆಲ್ಲದ ಹೆಂಟೆಯನ್ನು ಹಾಗೇ ಹಾಕಿ ತಿರುಗಿಸಿದ್ದು ಯಾರು, ಅದೆಲ್ಲ ಈಗ ಬೇಡ. ಅವರೂ ಇದನ್ನು ಓದುತ್ತಾರೆ.

ಪಂಚಮಿ ಎದುರಿಗೆ ಬಂದು ನಿಂತಿದೆ. ಶೇಂಗಾ ಹುರಿದು, ಸಿಪ್ಪೆ ಕೇರಿ, ಡಬ್ಬಿ ತುಂಬಿಟ್ಟಿದ್ದೇನೆ. ಉಂಡೆ ಕಟ್ಟಬೇಕು ಅಂದರೆ ಪುಡಿ ಆಗಬೇಕಲ್ಲ? ನಮ್ಮ ಚಿತ್ರದುರ್ಗದ ರಿಪೇರಿ ಅಂಗಡಿಯವರು "ಈ ಕಂಪನಿದು ನಾವು ಮುಟ್ಟಲ್ಲ, ಸರ್ವಿಸ್ ಸೆಂಟರ್ ದಾವಣಗೆರೆಲಿದೆ" ಅಂದರು. 1997ರಲ್ಲಿ ದಾವಣಗೆರೆ ನಮ್ಮಿಂದ ಬೇರೆಯಾಗಿ ತಾನೇ ಜಿಲ್ಲೆಯಾಯಿತು, ಅದು ಗೊತ್ತು. ಹೋಗುವಾಗ ಮಿಕ್ಸಿ ರಿಪೇರಿಯವರನ್ನೂ ಕರೆದುಕೊಂಡು ಹೋಗಿದೆ ಅಂತ ಗೊತ್ತಿರಲಿಲ್ಲ. ಮೊದಲೇ ಫೋನ್ ಮಾಡಿ ಕೇಳಿದೆ. "ಮೋಟಾರ್ ತಗೊಂಡು ಬನ್ನಿ ಮೇಡಂ, ಸಾಕು" ಅಂದರು. ಸಾಕು ಅಂತಲೇ ಅಂದರು. 60 ಕಿಲೋಮೀಟರ್ ಹೊತ್ತುಕೊಂಡು ಹೋದೆ. ಅಲ್ಲಿದ್ದ ಹುಡುಗ ಮಿಕ್ಸಿ ಕಡೆ ನೋಡಲೇ ಇಲ್ಲ, ನನ್ನ ಕೈ ನೋಡಿದ. "ಜಾರ್ ಎಲ್ಲಿ?" ಜಾರ್ ಇಲ್ಲದೆ ಚೆಕ್ ಮಾಡೋಕೆ ಬರಲ್ಲವಂತೆ. ಅವನ ಹಿಂದೆ ಕಪಾಟಿನ ತುಂಬ ಜಾರ್‌ಗಳಿದ್ದವು. ತೋರಿಸಿದೆ. "ಅವು ಕಸ್ಟಮರ್‌ದು ಮೇಡಂ" ಅಂದ. ನಾನೇನು ಅರಿಶಿನ ಕುಂಕುಮಕ್ಕೆ ಬಂದಿದ್ದೆನಾ?

ಬೆಣ್ಣೆ ದೋಸೆನಾದರೂ ತಿಂದು ಬಂದ್ಯಾ ಅಂತ ಕೇಳುತ್ತೀರಿ, ಗೊತ್ತು. ದಾವಣಗೆರೆಗೆ ಹೋಗಿ ಬಂದವರನ್ನು ಬೇರೇನೂ ಕೇಳುವುದಿಲ್ಲ ನೀವು. ತಿಂದೆ. ಸಿಟ್ಟಿನಲ್ಲೇ ತಿಂದೆ. ಚಟ್ನಿ ಬಹಳ ನುಣ್ಣಗಿತ್ತು. ಅವರ ಮಿಕ್ಸಿ ಚೆನ್ನಾಗಿದೆ.

ಸರಿ, ಬಸ್ಸು. ಸರ್ಕಾರಿ ಬಸ್ಸಲ್ಲಿ ಹೆಂಗಸರಿಗೆ 2023ರ ಜೂನ್‌ನಿಂದ ದುಡ್ಡಿಲ್ಲ, ಅದನ್ನು ಬಿಟ್ಟು ಕಾಸು ಕೊಟ್ಟು ಬಂದೆಯಲ್ಲ ಅಂತ ನಮ್ಮನೆಯವರ ವಾದ. ಅವರೇ ಬಂದು ಹತ್ತಲಿ ನೋಡೋಣ, ಕಂಕುಳಲ್ಲಿ ಮಿಕ್ಸಿ ಇಟ್ಟುಕೊಂಡು. ಬಾಗಿಲಲ್ಲಿ ಕಾಲಿಡಲು ಜಾಗ ಇರಲಿಲ್ಲ. ರೈಲಿಗೆ ಹೋಗಬಹುದಿತ್ತು ಅಂತ ಇನ್ನೊಂದು ಮಾತು ಬೇರೆ. ದುರ್ಗದಿಂದ ದಾವಣಗೆರೆಗೆ ರೈಲು ಅಂದರೆ ಚಿಕ್ಕಜಾಜೂರು ಸುತ್ತಿಕೊಂಡು ಹೋಗಬೇಕು. ನೇರ ಮಾರ್ಗದ ಕೆಲಸ ನಡೆಯುತ್ತಲೇ ಇದೆ. ಅದು ಮುಗಿಯುವವರೆಗೆ ಶೇಂಗಾ ಡಬ್ಬಿ ನೋಡುತ್ತಾ ಕೂರಲಾ?

ಅದಕ್ಕೇ ಬೆಂಗಳೂರು ಕಡೆ ಹೊರಟಿದ್ದ ಒಂದು ಪ್ರೈವೇಟ್ ಬಸ್ಸು ಹಿಡಿದೆ. ಹತ್ತುವ ಮೊದಲೇ ಕೇಳಿದೆ, "ಊರೊಳಗೆ ಹೋಗುತ್ತೇನ್ರೀ?" "ಹತ್ತಿ ಅಕ್ಕಾ ಹತ್ತಿ, ದುರ್ಗ ದುರ್ಗ!" ಹತ್ತುವಾಗ ಅಕ್ಕ. ಟಿಕೆಟ್ ಕೊಡುವಾಗ ಅಮ್ಮ ಆದೆ. ಮಿಕ್ಸಿಗೆ ಲಗೇಜು ಅಂತ ಇಪ್ಪತ್ತು ರೂಪಾಯಿ ಜಾಸ್ತಿ. ಕೂಸಿನ ಹಾಗೆ ತೊಡೆ ಮೇಲೆ ಇಟ್ಟುಕೊಂಡು ಕೂತಿದ್ದೇನೆ, ಅದಕ್ಕೆ ಎಂಥ ಲಗೇಜು? ಹೋಗಲಿ ಅಂತ ಕೊಟ್ಟೆ.

ಭರಮಸಾಗರ ದಾಟಿತು. ದುರ್ಗ ಹತ್ತಿರ ಬಂತು. ಬಸ್ಸು ಊರ ಕಡೆ ತಿರುಗಲೇ ಇಲ್ಲ. ಬೈಪಾಸ್‌ನಲ್ಲಿ ಗಕ್ಕನೆ ನಿಂತಿತು.

"ದುರ್ಗ ಯಾರ್ರೀ, ಇಳೀರಿ ಇಳೀರಿ."

"ಊರೊಳಗೆ ಹೋಗುತ್ತೆ ಅಂದ್ರಲ್ಲ?"

"ಯಾರಂದ್ರು?"

"ನೀವೇ ಅಂದ್ರಿ."

"ದುರ್ಗ ಅಂದೆ. ಇದು ದುರ್ಗ ಅಲ್ವಾ? ನೋಡಿ, ಬೋರ್ಡಿದೆ."

ಬೋರ್ಡಿತ್ತು, ನಿಜ. ಊರಿಲ್ಲ. ನಾನು ಏಳಲಿಲ್ಲ. ಡ್ರೈವರ್ ಹಾರನ್ ಹೊಡೆದ. ಬಸ್ಸಿನ ಒಳಗಿರುವವರಿಗೆ ಹಾರನ್ ಹೊಡೆಯುವ ಡ್ರೈವರನ್ನು ನೀವು ನೋಡಿದ್ದೀರಾ? ಆಗಲೇ ಬಂದಿದ್ದು ಆ ಮಾತು. "ಮಿಕ್ಸಿ ಆಂಟಿ, ಬೇಗ ಇಳೀರಿ, ಬೆಂಗಳೂರು ಮುಟ್ಬೇಕು." ಹಿಂದಿನ ಸೀಟಿನ ಕಾಲೇಜು ಹುಡುಗರು ಕಿಸಕ್ಕಂದರು. ಅವರನ್ನು ಬಿಡಿ, ವಯಸ್ಸು. ಪಕ್ಕದಲ್ಲಿದ್ದ ಯಜಮಾನರು, ಆನಗೋಡಿನಿಂದ ನನ್ನ ಬಾಟಲಿಯ ನೀರು ಕುಡಿದುಕೊಂಡು ಬಂದವರು, "ಇಳಿಯಮ್ಮ, ಎಲ್ರಿಗೂ ಲೇಟಾಗುತ್ತೆ" ಅಂದುಬಿಟ್ಟರು. ನನ್ನ ನೀರು ರೀ! ಮನೆಯಲ್ಲಿ ನಲ್ಲಿ ಬರದೆ ಇರೋ ಕಾಲದಲ್ಲಿ ಕಾಸು ಕೊಟ್ಟು ತಗೊಂಡ ನೀರು!

ಎದ್ದೆ. ಕಣ್ಣಲ್ಲಿ ನೀರು ಬರುತ್ತಿತ್ತು, ತೋರಿಸಬಾರದು ಅಂತ ಬಿರಬಿರನೆ ನಡೆದೆ. ಬಾಗಿಲ ಹತ್ತಿರ ಯಾರೋ ಹಿಂದಿನಿಂದ ಜಗ್ಗಿದ ಹಾಗಾಯಿತು. ತಿರುಗಿ ನೋಡಿದರೆ ಯಾರೂ ಇಲ್ಲ. ಮಿಕ್ಸಿಯ ವೈರು ಚೀಲದಿಂದ ಜೋತುಬಿದ್ದು, ಅದರ ಪ್ಲಗ್ಗು ಸೀಟಿನ ಕಂಬಿಗೆ ಸುತ್ತಿಕೊಂಡಿದೆ. ನಾನು ಎಳೆದಷ್ಟೂ ಬಿಗಿಯಾಗುತ್ತಿದೆ. ಕಂಡಕ್ಟರ್ ಬಗ್ಗಿ ಬಿಡಿಸಿದ. ಆ ಮೂರು ಪಿನ್ನಿನ ಪ್ಲಗ್ಗನ್ನು ಮೇಲೆತ್ತಿ ಹಿಡಿದ. ಎಲ್ಲರಿಗೂ ಕಾಣುವ ಹಾಗೆ. "ನಮ್ ಬಸ್ಸಲ್ಲಿ ಕರೆಂಟ್ ಇಲ್ಲ ಆಂಟಿ."

ಇಡೀ ಬಸ್ಸು ನಕ್ಕಿತು. ಯಜಮಾನರೂ ನಕ್ಕರು.

ನನಗೂ ನಗು ಬಂತು. ಅದೇ ನನಗೆ ಉರಿಯುತ್ತಿರುವುದು. ಮಾತು ಚೆನ್ನಾಗಿತ್ತು! ಕೆಟ್ಟ ಜೋಕಾಗಿದ್ದರೆ ನಾಲ್ಕು ಬೈದು ಮುಗಿಸುತ್ತಿದ್ದೆ. ಈಗ ಬೈಯಲೂ ಆಗದೆ, ನುಂಗಲೂ ಆಗದೆ ಕೂತಿದ್ದೇನೆ.

ಬೈಪಾಸ್‌ನಲ್ಲಿ ಆಷಾಢದ ಗಾಳಿ. ದುರ್ಗದ ಗಾಳಿ ಗೊತ್ತಲ್ಲ ನಿಮಗೆ. ಒಂದು ಕೈಯಲ್ಲಿ ಸೆರಗು, ಒಂದು ಕೈಯಲ್ಲಿ ಮಿಕ್ಸಿ. ಎದುರಿಗೆ ಗುಡ್ಡದ ಮೇಲೆ ಗಾಳಿಯಂತ್ರಗಳು ರೆಕ್ಕೆ ಬೀಸಿಕೊಂಡು ಆರಾಮಾಗಿ ತಿರುಗುತ್ತಿದ್ದವು. ತಿರುಗಬೇಕಾದ್ದೆಲ್ಲ ತಿರುಗುತ್ತಿದೆ, ನಮ್ಮ ಮಿಕ್ಸಿ ಬಿಟ್ಟು, ಅಂತ ಒಬ್ಬಳೇ ಜೋರಾಗಿ ಅಂದೆ. ಲಾರಿಯವನೊಬ್ಬ ಸ್ಲೋ ಮಾಡಿ ನೋಡಿಕೊಂಡು ಹೋದ.

ಕೊನೆಗೊಂದು ಆಟೋ ಬಂತು. ಇನ್ನೂರು ಕೇಳಿದ. ಚೀಲ ನೋಡಿ, "ಅದು ಬೇರೆ ಇಪ್ಪತ್ತು" ಅಂದ. ಇಷ್ಟಕ್ಕೂ ಮಿಕ್ಸಿಯ ರೇಟನ್ನು ಇವರೆಲ್ಲ ಸೇರಿ ಯಾವಾಗ ಗೊತ್ತು ಮಾಡಿಕೊಂಡರು? ಇಳಿದ ಮೇಲೆ ಆಟೋದ ಹಿಂದೆ ನೋಡಿದೆ. "ಮಾಡಿದವರಿಗೆ ಮಾಡಿದಷ್ಟು ನೀಡು ಭಿಕ್ಷೆ" ಅಂತ ಕೆಂಪು ಅಕ್ಷರದಲ್ಲಿ ಬರೆದಿತ್ತು. ನಮ್ಮ ಸೀಮೆಯ ದೈವ, ನಾಯಕನಹಟ್ಟಿ ತಿಪ್ಪೇಸ್ವಾಮಿಯ ಮಾತು. ಸ್ವಾಮಿ, ನಾನೇನು ಮಾಡಿದ್ದೆ ಅಂತ ಇಷ್ಟು ನೀಡಿದೆ?

ಅತ್ತೆಯ ಹತ್ತಿರ ಈ ಪ್ರಶ್ನೆ ಎತ್ತಬಾರದು. ಅವರಿಗೆ ತಿಪ್ಪೇಸ್ವಾಮಿ ಅಂದರೆ ಮನೆಯ ಹಿರಿಯರೇ. ಸ್ವಾಮಿ ಕೆರೆ ಕಟ್ಟಿಸಿದ್ದು, ಕೆಲಸಕ್ಕೆ ಬಂದವರಿಗೆ ದುಡಿದಷ್ಟೇ ಕೂಲಿ ಸಿಕ್ಕಿದ್ದು, ಪೂರ್ತಿ ಹೇಳಿದರು. ನಾನು ಚೀಲವನ್ನೂ ಕೆಳಗಿಟ್ಟಿರಲಿಲ್ಲ. ಆಮೇಲೆ ಇನ್ನೊಂದು ಸುದ್ದಿ: ನಾನಿಲ್ಲದಾಗ ನಲ್ಲಿ ಬಂದು ಹೋಗಿದೆ. ಅತ್ತೆಗೆ ಮಂಡಿನೋವು, ಎರಡು ಕೊಡ ಹಿಡಿದಿದ್ದಾರೆ, ಅಷ್ಟೇ. ಡ್ರಮ್ಮು ಖಾಲಿ. ನಾನು ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟೆ. ಅತ್ತೆ ಏನಂದರು ಗೊತ್ತಾ? "ಮಾರಿಕಣಿವೆ ಡ್ಯಾಮು 1933ರಲ್ಲಿ ಕೋಡಿ ಬಿದ್ದಿದ್ದು ಮತ್ತೆ ಬಿದ್ದಿದ್ದು 2022ರಲ್ಲಿ. 89 ವರ್ಷ ಕಾಯ್ಲಿಲ್ವೇನವ್ವಾ ಈ ಸೀಮೆ? ಆಮೇಲೆ ನೋಡು, 2025ರ ಜನವರಿಲಿ ಇನ್ನೊಂದು ಸಲ ಬಿತ್ತು. ಬರೋ ಕಾಲಕ್ಕೆ ಬರುತ್ತೆ."

ಕೋಡಿ ಬಿದ್ದ ನೀರು ನಮ್ಮನೆ ನಲ್ಲಿಗೆ ಯಾವಾಗ ಬೀಳುತ್ತೆ ಅತ್ತೆ, ಅಂದೆ. ಮಿಕ್ಸಿ ಸರಿಯಾದರೆ ಹಟ್ಟಿ ಜಾತ್ರೆಯಲ್ಲಿ ಕೊಬ್ಬರಿ ಸುಡುತ್ತೀನಿ ಅಂತ ಹರಕೆ ಹೊತ್ತುಕೊಂಡಿದ್ದಾರಂತೆ. ಮಿಕ್ಸಿಗೆ ಹರಕೆ! ನಕ್ಕೆ. ಅವರಿಗೆ ಬೇಜಾರಾಯಿತು. ಆದರೆ ನಿಜ ಹೇಳಲಾ, ಸರ್ವಿಸ್ ಸೆಂಟರಿಗಿಂತ ಇದೇ ಜಾಸ್ತಿ ಗ್ಯಾರಂಟಿ ಅನಿಸುತ್ತಿದೆ. ತಿಪ್ಪೇಸ್ವಾಮಿ ಜಾರ್ ಕೇಳುವುದಿಲ್ಲ.

ಈಗ ಯಾರಾದರೂ ಉತ್ತರ ಕೊಡಿ. ಟಿಕೆಟ್ ಮೇಲೆ ಊರಿನ ಹೆಸರು ಬರೆದು ಬೈಪಾಸ್‌ನಲ್ಲಿ ಇಳಿಸಿದರೆ ಉಳಿದ ದಾರಿಯ ದುಡ್ಡು ಯಾರದು? ರಾತ್ರಿ ಹತ್ತಕ್ಕೆ ಕಾಲೇಜು ಹುಡುಗಿಯೊಬ್ಬಳನ್ನು ಹೀಗೇ ಇಳಿಸಿದರೆ? ಇದನ್ನು ಯಾರಿಗೆ ಹೇಳಬೇಕು? ನಮ್ಮನೆಯವರಿಗೆ ಹೇಳಿದೆ. "ಬಿಡೇ, ಇದ್ದಿದ್ದೇ" ಅಂದರು. ಇದ್ದಿದ್ದೇ, ನಿಜ. ಇದ್ದಿದ್ದೇ ಅಂತ ಎಷ್ಟು ದಿನ ಅನ್ನೋದು? ನನಗೂ ಸಾಕಾಯಿತು, ಏನೂ ಆಗಲ್ಲ ಬಿಡಿ. ಅಲ್ಲ, ಬಿಡಬೇಡಿ. ಹೇಳಿ ಯಾರಾದರೂ.

ಇನ್ನೊಂದು ವಿಷಯ. ನಾಳೆ ನಾಡಿದ್ದರಲ್ಲಿ ಕಾರಲ್ಲಿ ದಾವಣಗೆರೆಗೆ ಹೋಗಿ ಬರುವವರು ಯಾರಾದರೂ ಇದ್ದರೆ ತಿಳಿಸಿ. ನಾನೊಬ್ಬಳು, ಮಿಕ್ಸಿ ಒಂದು, ಜಾರ್ ಮೂರು. ಪೆಟ್ರೋಲಿಗೆ ಪಾಲು ಕೊಡುತ್ತೇನೆ, ಉಂಡೆಯೂ ಕೊಡುತ್ತೇನೆ. ಮನೆ ಬಾಗಿಲಿಗೆ ಇಳಿಸಬೇಕು.