ಆಯತಪ್ಪಿ ಬಿದ್ದವರ ಸುರಕ್ಷತಾ ಸಪ್ತಾಹ

ಸುರಕ್ಷತಾ ಸಪ್ತಾಹದ ಸುದ್ದಿಯನ್ನು ನೀವೂ ಓದಿರುತ್ತೀರಿ. ಪ್ರತಿ ವರ್ಷ ಮಾರ್ಚ್ ತಿಂಗಳ ಮೊದಲ ವಾರದಲ್ಲಿ ಅದು ತಪ್ಪದೆ ಬರುತ್ತದೆ. ಜಿಲ್ಲಾ ಪುಟದ ಮೇಲ್ಭಾಗದಲ್ಲಿ ನಾಲ್ಕು ಕಾಲಂ ಅಗಲದ ಚಿತ್ರವಿರುತ್ತದೆ. ಅದರಲ್ಲಿ ಹನ್ನೊಂದು ಮಂದಿ ಗಣ್ಯರು ಹೊಚ್ಚಹೊಸ ಹೆಲ್ಮೆಟ್ ಧರಿಸಿ, ಒಂದೇ ಮೇಣದಬತ್ತಿಗೆ ಎಲ್ಲರೂ ಕೈ ಹಾಕಿ ದೀಪ ಬೆಳಗುತ್ತಿರುತ್ತಾರೆ. ಅದೇ ಪುಟದ ಕೆಳಗಿನ ಮೂಲೆಯಲ್ಲಿ, ಕೊಳವೆಬಾವಿ ಕೊರೆಯುವವರ ಜಾಹೀರಾತಿಗೆ ಆತುಕೊಂಡು, ನಾಲ್ಕು ಸಾಲಿನ ಇನ್ನೊಂದು ಸುದ್ದಿ: ‘ಆಯತಪ್ಪಿ ಬಿದ್ದು ಕಾರ್ಮಿಕ ಸಾವು’.

ನಮ್ಮ ಪತ್ರಿಕಾ ಕನ್ನಡದಲ್ಲಿ ಕಟ್ಟಡದಿಂದ ಬೀಳುವ ಕಾರ್ಮಿಕನಿಗೆ ಆಯತಪ್ಪಿ ಬೀಳುವುದನ್ನು ಬಿಟ್ಟು ಬೇರೆ ದಾರಿಯೇ ಇಲ್ಲ. ಸಾರುವೆಯ ಹಲಗೆ ಕೊಳೆತಿರಬಹುದು, ಲಿಫ್ಟಿನ ಗುಂಡಿಗೆ ಅಡ್ಡಕಟ್ಟು ಇಲ್ಲದಿರಬಹುದು, ಮೂರನೆಯ ಮಹಡಿಯ ಅಂಚಿನಲ್ಲಿ ಹಿಡಿದುಕೊಳ್ಳಲು ಒಂದು ಬೊಂಬೂ ಇಲ್ಲದಿರಬಹುದು. ಆದರೆ ಹಲಗೆ ಮುರಿಯಿತೆಂದೋ, ಗುತ್ತಿಗೆದಾರರು ಬಲೆ ಕಟ್ಟಿಸಲಿಲ್ಲವೆಂದೋ ವಾಕ್ಯ ಶುರುವಾಗುವುದಿಲ್ಲ. ಕರ್ತೃಪದ ಯಾವಾಗಲೂ ಸತ್ತವನದೇ. ಕಂಬ ಹತ್ತಿದ ಲೈನ್‌ಮನ್‌ನ ವಿಷಯದಲ್ಲಿ ಮಾತ್ರ ವಿದ್ಯುತ್ತಿಗೆ ಕರ್ತೃವಿನ ಸ್ಥಾನ ದೊರೆಯುತ್ತದೆ, ಅದು ತಾನಾಗಿಯೇ ‘ಪ್ರವಹಿಸುತ್ತದೆ’. ಎಲ್‌ಸಿ, ಅಂದರೆ ವಿದ್ಯುತ್ ಕಡಿತಗೊಳಿಸಿದ ‘ಲೈನ್ ಕ್ಲಿಯರ್’ ಅನುಮತಿ, ಪಡೆದು ಕಂಬ ಹತ್ತಿದ ಮೇಲೆ ಆ ಲೈನಿಗೆ ಮತ್ತೆ ವಿದ್ಯುತ್ ಹರಿಸಿದ ಕೈ ಯಾರದು ಎಂಬ ಪ್ರಶ್ನೆ ವ್ಯಾಕರಣದ ಹೊರಗೆ ಉಳಿಯುತ್ತದೆ.

‘ಆಯ’ ಎಂಬ ಪದಕ್ಕೆ ಕಟ್ಟಡದ ಮಟ್ಟಿಗೆ ಇನ್ನೊಂದು ಅರ್ಥವೂ ಇದೆ ಎಂಬುದನ್ನು ಮನೆ ಕಟ್ಟಿಸಿದವರೆಲ್ಲ ಬಲ್ಲರು. ಧ್ವಜಾಯವೋ ಸಿಂಹಾಯವೋ ವೃಷಭಾಯವೋ ಎಂದು ಜೋಯಿಸರಿಂದ ಲೆಕ್ಕ ಹಾಕಿಸಿ, ಗೋಡೆ ಅರ್ಧ ಅಡಿ ಸರಿದರೆ ಆಯ ತಪ್ಪಿತೆಂದು ಕೆಡವಿಸಿ ಮತ್ತೆ ಕಟ್ಟಿಸುವ ಮಾಲೀಕರನ್ನು ನಾನು ಕಂಡಿದ್ದೇನೆ. ಆ ಗೋಡೆಯನ್ನು ಎರಡೆರಡು ಸಲ ಕಟ್ಟುವವನು ಬರಿಗಾಲಿನಲ್ಲಿ ನಿಂತ ಹಲಗೆಯ ಅಗಲ ಒಂದು ಗೇಣಿದ್ದರೆ ಅದರ ಆಯವನ್ನು ಯಾರೂ ನೋಡಿಸುವುದಿಲ್ಲ. ಮನೆಯ ಆಯ ಸರಿಯಾಗಿಯೇ ಇತ್ತು, ಆಯ ತಪ್ಪಿದವನು ಅವನೊಬ್ಬನೇ.

ಹೋಗಲಿ, ಸಪ್ತಾಹದ ವಿಷಯಕ್ಕೆ ಬರೋಣ. ರಾಷ್ಟ್ರೀಯ ಸುರಕ್ಷತಾ ಮಂಡಳಿ 1966ರ ಮಾರ್ಚ್ 4ರಂದು ಹುಟ್ಟಿದ್ದರಿಂದ ಆ ದಿನದಿಂದ ಒಂದು ವಾರ ದೇಶವೆಲ್ಲ ಸುರಕ್ಷಿತವಾಗಿರುತ್ತದೆ. ಕೆಲವು ವರ್ಷಗಳ ಹಿಂದೆ ಇಂತಹ ಒಂದು ಸಮಾರಂಭಕ್ಕೆ ಬರಹಗಾರರ ಕೋಟಾದಲ್ಲಿ ನನ್ನನ್ನೂ ಕರೆದಿದ್ದರು. ಕಾರ್ಖಾನೆಯ ಹೆಸರು ಬೇಡ, ಕಾಫಿ ಚೆನ್ನಾಗಿತ್ತು. ವೇದಿಕೆಯ ಮೇಲೆ ನಮಗೆಲ್ಲ ಮೊದಲು ಹೆಲ್ಮೆಟ್ ತೊಡಿಸಿದರು, ಆಮೇಲೆ ಸನ್ಮಾನದ ಮೈಸೂರು ಪೇಟ ಬಂತು. ಹೆಲ್ಮೆಟ್ ತೆಗೆದರೆ ಸಪ್ತಾಹಕ್ಕೆ ಅಪಚಾರ, ಪೇಟ ಬೇಡವೆಂದರೆ ಸಂಸ್ಕೃತಿಗೆ ಅಪಚಾರ. ಕೊನೆಗೆ ಹೆಲ್ಮೆಟ್ಟಿನ ಮೇಲೆಯೇ ಪೇಟ ಕೂರಿಸಿದರು. ಅದು ಬೀಳದಂತೆ ಒಂದು ಕೈಯಲ್ಲಿ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಸುರಕ್ಷತೆಯ ಮಹತ್ವವನ್ನು ಕುರಿತ ಭಾಷಣದ ಚೀಟಿ ಹಿಡಿದು ನಾನು ನಿಂತಿದ್ದಾಗ, ನನ್ನ ಕಾಲಿನ ಬಳಿ ಮೈಕಿನ ವೈರು ಹಾದುಹೋಗಿತ್ತು. ಅದಕ್ಕೆ ಪ್ಲಗ್ ಇರಲಿಲ್ಲ. ತುದಿಯ ಎರಡು ಬರಿ ತಂತಿಗಳನ್ನು ಸಾಕೆಟ್ಟಿನ ತೂತುಗಳಿಗೆ ತುರುಕಿ, ಜಾರದಂತೆ ಎರಡು ಬೆಂಕಿಕಡ್ಡಿ ಸಿಕ್ಕಿಸಿದ್ದರು.

ಪ್ರತಿಜ್ಞೆಯನ್ನು ಇಂಗ್ಲಿಷಿನಲ್ಲಿ ಬೋಧಿಸಲಾಯಿತು. ಕಲಬುರಗಿ ಕಡೆಯವರೂ ಒಡಿಶಾದವರೂ ಬಂಗಾಳದವರೂ ಬಲಗೈ ಮುಂದೆ ಚಾಚಿ ತಂತಮ್ಮ ಉಚ್ಚಾರಣೆಯಲ್ಲಿ ಅದನ್ನು ಗುನುಗಿದರು. ಕಾರ್ಯಕ್ರಮ ಮುಗಿದ ಮೇಲೆ ಹಿರಿಯ ಕಾರ್ಮಿಕರೊಬ್ಬರನ್ನು “ಅರ್ಥ ಆಯಿತೇನ್ರೀ?” ಎಂದು ಕೇಳಿದೆ. “ಮಂತ್ರ ಅಲ್ವಾ ಸಾರ್, ಅರ್ಥ ಯಾಕೆ? ಭಕ್ತಿ ಇದ್ರೆ ಆಯ್ತು” ಎಂದರು.

ತರಬೇತಿಯೂ ಆ ದಿನವೇ ಇತ್ತು. ರಾತ್ರಿ ಪಾಳಿ ಮುಗಿಸಿದವರನ್ನು ಮನೆಗೆ ಬಿಡದೆ ಕ್ಯಾಂಟೀನಿನಲ್ಲಿ ಕೂರಿಸಿ, ಕಿಟಕಿ ಮುಚ್ಚಿ, ಗೋಡೆಯ ಮೇಲೆ ಚಿತ್ರ ಬಿಟ್ಟು, ಆಯಾಸದಲ್ಲಿ ಕೆಲಸ ಮಾಡುವುದರ ಅಪಾಯಗಳನ್ನು ಕುರಿತು ಒಂದೂವರೆ ಗಂಟೆ ಉಪನ್ಯಾಸ ನೀಡಿದರು. ಅರ್ಧಕ್ಕರ್ಧ ಜನ ನಿದ್ದೆ ಹೋದರು. ಉಪನ್ಯಾಸದ ವಿಷಯಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿರಲಿಲ್ಲ. ಹೊರಡುವಾಗ ಸಮೋಸಾ ಕೊಟ್ಟು ಹಾಜರಿ ಪುಸ್ತಕಕ್ಕೆ ಸಹಿ ತೆಗೆದುಕೊಂಡರು. ಮಾರ್ಚ್, ಏಪ್ರಿಲ್, ಮೇ, ಮೂರು ತಿಂಗಳಿಗೂ ಅಂದೇ ಸಹಿ. ಮತ್ತೆ ಮತ್ತೆ ಕೆಲಸ ಬಿಡಿಸುವ ಕಷ್ಟ ಯಾರಿಗೂ ಬೇಡವೆಂಬ ಸದುದ್ದೇಶ. ಏಪ್ರಿಲ್ ತಿಂಗಳಲ್ಲಿ ಅವರಲ್ಲಿ ಯಾರಿಗಾದರೂ ಕೈಯೇ ಹೋದರೂ ಮೇ ತಿಂಗಳ ತರಬೇತಿಗೆ ಅವರ ಸಹಿ ಭದ್ರವಾಗಿ ಇದ್ದೇ ಇರುತ್ತದೆ.

ಹೆಲ್ಮೆಟ್ಟಿನ ಬಗ್ಗೆ ಒಂದು ಮಾತು ಹೇಳಲೇಬೇಕು, ಏಕೆಂದರೆ ವರ್ಣವ್ಯವಸ್ಥೆಯನ್ನು ಇಷ್ಟು ಅಕ್ಷರಶಃ ಪಾಲಿಸುವ ಜಾಗ ಇನ್ನೊಂದಿಲ್ಲ. ಬಿಳಿಯದು ಎಂಜಿನಿಯರಿಗೆ, ಹಸಿರು ಸುರಕ್ಷತಾಧಿಕಾರಿಗೆ, ಹಳದಿಯದು ಕೂಲಿಯವನಿಗೆ. ಕಲ್ಲು ಬೀಳುವ ಜಾಗಕ್ಕೆ ಎಂದೂ ಹೋಗದ ಬಿಳಿ ಹೆಲ್ಮೆಟ್ಟಿಗೆ ಗಲ್ಲದ ಪಟ್ಟಿ, ಒಳಗಿನ ಮೆತ್ತೆ ಎಲ್ಲವೂ ಇರುತ್ತವೆ. ಹಳದಿಯದಕ್ಕೆ ಪಟ್ಟಿ ಇದ್ದರೆ ಮೆತ್ತೆ ಇರುವುದಿಲ್ಲ, ಎರಡೂ ಇದ್ದರೆ ಅದು ಸಾಹೇಬರು ಬಂದಾಗ ಹಂಚಿ, ಅವರು ಹೋದ ಮೇಲೆ ಎಣಿಸಿ ವಾಪಸ್ ಪಡೆಯುವ ಪೈಕಿಯದು. ಉಳಿದ ದಿನಗಳಲ್ಲಿ ಅದರಲ್ಲಿ ಮೊಳೆ ತುಂಬುತ್ತಾರೆ, ಸಿಮೆಂಟಿನ ಕೈ ತೊಳೆಯಲು ನೀರು ಹಿಡಿಯುತ್ತಾರೆ, ಊಟದ ಹೊತ್ತಿಗೆ ಬೋರಲು ಹಾಕಿ ಕೂರುತ್ತಾರೆ. ಎತ್ತರದಲ್ಲಿ ಕೆಲಸ ಮಾಡುವವರ ಸೇಫ್ಟಿ ಬೆಲ್ಟಿನ ಗತಿಯೂ ಅಷ್ಟೇ. ಎದೆಯ ಮೇಲೆ ಜನಿವಾರದಂತೆ ಅಡ್ಡ ಹಾದು, ತೊಡೆ ಸುತ್ತಿ, ಬೆನ್ನಿಗೆ ಬಿಗಿದ ಆ ಪಟ್ಟಿಗಳ ಕೊಕ್ಕೆಯನ್ನು ಕಟ್ಟಡಕ್ಕೆ ಸಿಕ್ಕಿಸಬೇಕೆಂಬುದು ಶಾಸ್ತ್ರ. ಸಿಕ್ಕಿಸಲು ಕಟ್ಟಡದಲ್ಲಿ ಏನನ್ನೂ ಬಿಟ್ಟಿಲ್ಲವಾದ್ದರಿಂದ ಅವನು ಕೊಕ್ಕೆಯನ್ನು ತನ್ನದೇ ಸೊಂಟಕ್ಕೆ ಸಿಕ್ಕಿಸಿಕೊಂಡಿರುತ್ತಾನೆ. ತನ್ನನ್ನು ತಾನೇ ಹಿಡಿದುಕೊಂಡು ನಿಂತವನು ಎಂಬ ವೇದಾಂತ ಇದರಲ್ಲಿದೆ.

ಇನ್ನು ಪೀಣ್ಯದಂತಹ ಕೈಗಾರಿಕಾ ಪ್ರದೇಶಗಳ ಚಿಕ್ಕ ಶೆಡ್ಡುಗಳ ಪವರ್ ಪ್ರೆಸ್, ಅಂದರೆ ತಗಡನ್ನು ಅಚ್ಚಿನಲ್ಲಿ ಒತ್ತುವ ಯಂತ್ರ. ಎರಡು ಗುಂಡಿಗಳನ್ನು ಎರಡೂ ಕೈಗಳಿಂದ ಒಟ್ಟಿಗೆ ಒತ್ತಿದರೆ ಮಾತ್ರ ಪ್ರೆಸ್ಸು ಇಳಿಯಬೇಕು. ಆಗ ಎರಡೂ ಕೈಗಳು ಅಚ್ಚಿನ ಹೊರಗಿರುತ್ತವೆ ಎಂಬುದು ಅದನ್ನು ರೂಪಿಸಿದವನ ಸರಳ ಬುದ್ಧಿ. ನಮ್ಮವರ ಬುದ್ಧಿ ಅದಕ್ಕಿಂತ ಸರಳವಾದದ್ದು: ಒಂದು ಗುಂಡಿಯ ಸಂದಿಯಲ್ಲಿ ಒಂದು ರೂಪಾಯಿಯ ನಾಣ್ಯ ತುರುಕಿದರೆ ಅದು ಒತ್ತಿದಂತೆಯೇ ಇರುತ್ತದೆ, ಒಂದು ಕೈ ಬಿಡುವಾಗುತ್ತದೆ, ತಗಡು ಬೇಗ ಬೇಗ ಕೊಡಬಹುದು, ಪೀಸ್ ಲೆಕ್ಕದ ಕೂಲಿಯಲ್ಲಿ ಸಂಜೆಗೆ ನಾಲ್ಕು ಕಾಸು ಹೆಚ್ಚು ಹುಟ್ಟುತ್ತದೆ. ಆ ನಾಣ್ಯವನ್ನು ಕಂಡೂ ಕಾಣದಂತೆ ಸೂಪರ್‌ವೈಸರು ದಿನಕ್ಕೆ ಹತ್ತು ಸಲ ಅದರ ಮುಂದೆ ಹಾಯುತ್ತಾರೆ. ಬೆರಳು ಹೋದ ದಿನ ಮೊದಲು ಮಾಯವಾಗುವುದು ನಾಣ್ಯ.

ಆದರೆ ಯಂತ್ರದ ಬಗ್ಗೆ ನಮಗೆ ಗೌರವವಿಲ್ಲ ಎಂದು ಯಾರೂ ಹೇಳುವಂತಿಲ್ಲ. ಆಯುಧಪೂಜೆಯ ದಿನ, ಕೈ ಸಿಕ್ಕಿಕೊಳ್ಳದಂತೆ ಯಂತ್ರಕ್ಕೆ ಹಾಕಿದ ಗಾರ್ಡುಗಳನ್ನೆಲ್ಲ ಬಿಚ್ಚಿ, ಯಂತ್ರದ ಮೈ ತೊಳೆದು, ವಿಭೂತಿಯ ಮೂರು ಗೆರೆ ಎಳೆದು, ಕುಂಕುಮವಿಟ್ಟು, ಬಾಳೆಕಂದು ಕಟ್ಟುತ್ತೇವೆ. ಬಿಚ್ಚಿದ ಗಾರ್ಡು ಗೋಡೆಗೆ ಒರಗಿ ನಿಂತು ಮುಂದಿನ ಆಯುಧಪೂಜೆಯನ್ನು ಕಾಯುತ್ತದೆ. ಬೆಂಕಿ ಆರಿಸುವ ಸಿಲಿಂಡರಿಗೂ ಸೇವಂತಿಗೆ ಹಾರ ಬೀಳುತ್ತದೆ. ಹಾರದ ದಾರವನ್ನು ಅದರ ಪಿನ್ನಿಗೇ ಮೂರು ಗಂಟು ಹಾಕಿ ಕಟ್ಟಿರುತ್ತಾರೆ, ಅವಧಿ ಮುಗಿದ ತಾರೀಕಿನ ಮೇಲೆ ಅರಿಶಿನ ಬಳಿದಿರುತ್ತಾರೆ. ಕೊನೆಗೆ ಗೇಟಿನ ಮುಂದೆ ಬೂದುಗುಂಬಳಕಾಯಿ ಒಡೆದು ದೃಷ್ಟಿ ತೆಗೆಯುತ್ತಾರೆ. ಅದೇ ಕುಂಬಳಕಾಯಿಯ ಮೇಲೆ ಬೈಕು ಜಾರಿ ಬೀಳುವ ಸೆಕೆಂಡ್ ಶಿಫ್ಟಿನವನು ಹೇಗೆ ಬಿದ್ದನೆಂಬುದನ್ನು ಈಗ ನೀವೇ ಹೇಳಬಲ್ಲಿರಿ.

ಅಗ್ನಿ ಅನಾಹುತದ ತಾಲೀಮಿಗೆ ನಮ್ಮ ಅಧಿಕಾರಿಗಳು ಕೊಟ್ಟಿರುವ ಕನ್ನಡ ಹೆಸರು ‘ಅಣಕು ಕಾರ್ಯಾಚರಣೆ’. ಇಷ್ಟು ಪ್ರಾಮಾಣಿಕವಾದ ಅನುವಾದ ಇಲಾಖೆಗಳಿಂದ ಅಪರೂಪ. ಹನ್ನೊಂದು ಗಂಟೆಗೆ ಗಂಟೆ ಹೊಡೆಯುತ್ತದೆಂದು ಹತ್ತೂವರೆಗೇ ಎಲ್ಲರಿಗೂ ಸಂದೇಶ ಹೋಗಿರುತ್ತದೆ, ಜನ ಬ್ಯಾಗು ಹಿಡಿದು ಲಿಫ್ಟಿನ ಮುಂದೆ ಸಾಲು ನಿಂತಿರುತ್ತಾರೆ, ತುರ್ತು ಮೆಟ್ಟಿಲಿನಲ್ಲಿ ಪೇರಿಸಿದ ವಾಟರ್ ಕ್ಯಾನುಗಳನ್ನೂ ಮುರಿದ ಕುರ್ಚಿಗಳನ್ನೂ ಅಂದಿನ ಮಟ್ಟಿಗೆ ಬೇರೆ ಕಡೆ ಸಾಗಿಸಿರುತ್ತಾರೆ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಕಟ್ಟಡಕ್ಕೆ ಬೆಂಕಿ ಬಿದ್ದಾಗ ಹೊಗೆ ತಾಳಲಾರದೆ ಜನ ಮೇಲಿನಿಂದ ಜಿಗಿದದ್ದನ್ನು ಊರಿಗೆ ಊರೇ ಟಿವಿಯಲ್ಲಿ ನೋಡಿತು. 9 ಜನ ತೀರಿಕೊಂಡರು. ನಿರ್ಗಮನದ ದಾರಿಗಳು ಮುಚ್ಚಿದ್ದವು ಎಂಬುದನ್ನು ಮರುದಿನ ಎಲ್ಲರೂ ಓದಿದೆವು, ಓದಿ ನಮ್ಮ ನಮ್ಮ ಆಫೀಸಿನ ಮೆಟ್ಟಿಲ ಮೇಲೆ ಮತ್ತೆ ಕ್ಯಾನು ಪೇರಿಸಿದೆವು.

ಕಾನೂನಿಲ್ಲವೇ ಎಂದು ಕೇಳಬೇಡಿ, ಬೇಕಾದಷ್ಟಿದೆ. ‘ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆ’ ಎಂಬ, ಒಂದೇ ಉಸಿರಿನಲ್ಲಿ ಹೇಳಲಾಗದ ಇಲಾಖೆಯೂ ಇದೆ. 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ 36ನೆಯ ಸೆಕ್ಷನ್ ಓದಿದರೆ ಅದನ್ನು ಬರೆದವರು ಗುಂಡಿಯ ಬಾಯಲ್ಲಿ ನಿಂತು ಬರೆದರೇನೋ ಅನ್ನಿಸುತ್ತದೆ. ವಿಷಾನಿಲವಿರಬಹುದಾದ ಟ್ಯಾಂಕಿಗೋ ಗುಂಡಿಗೋ ಯಾರೂ ಸುಮ್ಮನೆ ಇಳಿಯುವಂತಿಲ್ಲ. ಬಲ್ಲವರು ಸ್ವತಃ ಪರೀಕ್ಷಿಸಿ ಅಪಾಯವಿಲ್ಲವೆಂದು ಬರೆದುಕೊಡಬೇಕು. ಇಲ್ಲವೇ ಇಳಿಯುವವನು ಉಸಿರಾಟದ ಸಾಧನ ಧರಿಸಿ ಸೊಂಟದ ಪಟ್ಟಿಗೆ ಹಗ್ಗ ಕಟ್ಟಿಕೊಂಡಿರಬೇಕು, ಆ ಹಗ್ಗದ ಇನ್ನೊಂದು ತುದಿ ಹೊರಗೆ ನಿಂತವನೊಬ್ಬನ ಕೈಯಲ್ಲಿರಬೇಕು.

ಒಂದು ಹಗ್ಗ, ಅದನ್ನು ಹಿಡಿದುಕೊಳ್ಳಲು ಒಬ್ಬ ಮನುಷ್ಯ. 2022ರ ಏಪ್ರಿಲ್ 17ರಂದು ಮಂಗಳೂರಿನ ಬಜ್ಪೆಯ ಮೀನು ಸಂಸ್ಕರಣಾ ಘಟಕವೊಂದರಲ್ಲಿ ತ್ಯಾಜ್ಯದ ಟ್ಯಾಂಕಿನೊಳಗೆ ಒಬ್ಬ ಕುಸಿದ. ಅವನನ್ನು ಎತ್ತಲು ಇನ್ನೊಬ್ಬ, ಅವರಿಬ್ಬರನ್ನು ಎತ್ತಲು ಮತ್ತೊಬ್ಬ ಇಳಿದ. ಪಶ್ಚಿಮ ಬಂಗಾಳದಿಂದ ದುಡಿಯಲು ಬಂದಿದ್ದ 5 ಜನ ಸತ್ತರು. ಇಲ್ಲಿ ನನಗೆ ನಗಿಸಲು ಬರುವುದಿಲ್ಲ. ಗೆಳೆಯ ಸಾಯುತ್ತಿದ್ದಾನೆಂದು ಹಿಂದೆಮುಂದೆ ನೋಡದೆ ಇಳಿಯುವವರು ಅವರು. ಮುಚ್ಚಳ ತೆಗೆದ ಟ್ಯಾಂಕಿನ ಗಾಳಿ ಮನುಷ್ಯನನ್ನು ಎರಡು ಉಸಿರಿನಲ್ಲಿ ಕೆಡಹುತ್ತದೆ ಎಂಬ ಒಂದು ಮಾತನ್ನು ಅವರ ಭಾಷೆಯಲ್ಲಿ ಅವರಿಗೆ ತಿಳಿಸಿ ಹೇಳುವುದು ತರಬೇತಿ. ಅದಕ್ಕೆ ಪೇಟ ಬೇಡ, ದೀಪ ಬೇಡ, ಐದು ನಿಮಿಷ ಸಾಕು. ಪಿಟ್ಟು ಗುಂಡಿಗಳಲ್ಲಿ, ಮಲಿನ ನೀರಿನ ಘಟಕಗಳಲ್ಲಿ ಇದೇ ಸಾವು, ಒಬ್ಬನ ಹಿಂದೆ ಒಬ್ಬ, ಎಷ್ಟು ವರ್ಷಗಳಿಂದ ಓದುತ್ತಿದ್ದೇವೆ? ಅದನ್ನು ಆಕಸ್ಮಿಕ ಎಂದು ಬರೆಯುವ ಕೈಗಳಿಗೆ ಆಯಾಸವಾಗುವುದಿಲ್ಲವೇ?

ದಂಡದ ವಿಷಯವನ್ನು ಬೇಗ ಮುಗಿಸುತ್ತೇನೆ. ಹಳೆಯ ಕಾಯ್ದೆಯಲ್ಲಿ, ಸುರಕ್ಷತೆಯ ನಿಯಮಗಳನ್ನು ಮುರಿದು ಅದರಿಂದ ಒಂದು ಜೀವ ಹೋದರೆ ವಿಧಿಸಬಹುದಾದ ಕನಿಷ್ಠ ದಂಡ 25,000 ರೂಪಾಯಿ, ಗಂಭೀರ ಗಾಯಕ್ಕೆ 5,000. ಸಪ್ತಾಹದ ಶಾಮಿಯಾನಕ್ಕೆ ಎಷ್ಟಾಯಿತೆಂದು ಯಾರೂ ನನಗೆ ಹೇಳಲಿಲ್ಲ. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಔದ್ಯೋಗಿಕ ಸುರಕ್ಷತಾ ಸಂಹಿತೆ ಜೀವದ ಕನಿಷ್ಠ ದರವನ್ನು 5 ಲಕ್ಷಕ್ಕೆ ಏರಿಸಿದೆ, ಅದನ್ನು ಮೆಚ್ಚಬೇಕು. ಅದೇ ಸಂಹಿತೆಯಲ್ಲಿ, ವಿದ್ಯುತ್ ಬಳಸುವ ಕಡೆ 10 ಜನರಿದ್ದರೆ ಕಾರ್ಖಾನೆ ಎನ್ನಿಸಿಕೊಳ್ಳುತ್ತಿದ್ದದ್ದು ಈಗ 20 ಜನರಿದ್ದರೆ ಮಾತ್ರ ಕಾರ್ಖಾನೆ. ಹತ್ತೊಂಬತ್ತು ಜನರ ಬೆರಳುಗಳು ಕಾರ್ಖಾನೆಯ ಲೆಕ್ಕದಿಂದ ಆಚೆ. ಇನ್‌ಸ್ಪೆಕ್ಟರಿಗೆ ‘ಫೆಸಿಲಿಟೇಟರ್’, ಅಂದರೆ ಅನುಕೂಲ ಮಾಡಿಕೊಡುವವರು, ಎಂಬ ಬಾಲವನ್ನೂ ಅಂಟಿಸಿದ್ದಾರೆ. ನಮ್ಮ ರಾಜ್ಯವಂತೂ 2023ರಲ್ಲಿಯೇ, ವಾರಕ್ಕೆ 48 ಗಂಟೆಯ ಮಿತಿಯೊಳಗೆ ದಿನಕ್ಕೆ 12 ಗಂಟೆ ದುಡಿಸಲು ದಾರಿ ಮಾಡಿಕೊಟ್ಟಿತ್ತು. ಹನ್ನೆರಡನೆಯ ಗಂಟೆಯಲ್ಲಿ ಪ್ರೆಸ್ಸಿನ ಮುಂದೆ ನಿಂತವನಿಗೆ ಎಚ್ಚರ ಕಡಿಮೆಯಾದರೆ ಎಚ್ಚರದ ಬಗ್ಗೆ ಉಪನ್ಯಾಸವಿದ್ದೇ ಇದೆ.

ಈ ಲೇಖನ ಬರೆಯುತ್ತಿರುವಾಗ ನಮ್ಮ ಮನೆಯ ಎದುರಿನ ಕಟ್ಟಡಕ್ಕೆ ಬಣ್ಣ ಬಳಿಯುತ್ತಿದ್ದಾರೆ. ನಾಲ್ಕನೆಯ ಮಹಡಿಯ ಮಟ್ಟದಲ್ಲಿ ಜೋಕಾಲಿಯಂತಹ ಒಂದು ಹಲಗೆಯ ಮೇಲೆ ಹವಾಯಿ ಚಪ್ಪಲಿ ತೊಟ್ಟ ಹುಡುಗ ಕೂತಿದ್ದಾನೆ. ಹಲಗೆಯ ಹಗ್ಗ ಮೇಲೆ ಹೋಗಿ ನೀರಿನ ಟ್ಯಾಂಕಿನ ಪಿವಿಸಿ ಪೈಪಿಗೆ ಎರಡು ಸುತ್ತು ಸುತ್ತಿಕೊಂಡಿದೆ. ಆ ಹಗ್ಗ ನಡುವೆ ಒಂದು ಕಡೆ ಸವೆದು ನಾರು ಬಿಟ್ಟಿರುವುದು ನನ್ನ ಬಾಲ್ಕನಿಯಿಂದಲೇ ಕಾಣುತ್ತದೆ. ಕೆಳಗಿಳಿದು ಹೋಗಿ ಮೇಸ್ತ್ರಿಯನ್ನು ವಿಚಾರಿಸಿದೆ.

“ಏನೂ ಆಗಲ್ಲ ಸಾರ್, ಡೈಲಿ ಮಾಡೋ ಕೆಲಸ.”

“ಹಗ್ಗ ಹಳೇದಾಗಿದೆಯಲ್ಲಪ್ಪಾ?”

“ಹೊಸದು ತಂದಿದ್ವಿ ಸಾರ್, ಅದಕ್ಕೆ ಬಳಸಿಬಿಟ್ವಿ” ಎಂದು ಅವನು ಗೇಟಿನ ಕಡೆ ಕೈ ತೋರಿಸಿದ. ಗೇಟಿನ ಮೇಲೆ ‘ಸುರಕ್ಷತೆಯೇ ಮೊದಲು’ ಎಂಬ ಎಂಟಡಿಯ ಫ್ಲೆಕ್ಸ್ ಇತ್ತು. ಗಾಳಿಗೆ ಹಾರದಂತೆ ಅದರ ನಾಲ್ಕೂ ಮೂಲೆಗಳನ್ನು ಹೆಬ್ಬೆರಳು ಗಾತ್ರದ ನೀಲಿ ನೈಲಾನ್ ಹಗ್ಗದಿಂದ ಕಬ್ಬಿಣದ ಕಂಬಿಗೆ ಬಿಗಿದು ಕಟ್ಟಿದ್ದರು.